ಕಟ್ಟಿದ ಮೇಲೆ ಬೆರಳು ನೋಡಿದಿರಾ?

ಪ್ರಶ್ನೆ: ನಾನು ಕೊಡಗಿನ ಕಕ್ಕಬ್ಬೆ ಹತ್ತಿರ ಹೋಂಸ್ಟೇ ನಡೆಸುತ್ತೇನೆ. ಅತಿಥಿಗಳನ್ನು ತಡಿಯಂಡಮೋಳು ಬೆಟ್ಟಕ್ಕೆ ನಾನೇ ಕರೆದುಕೊಂಡು ಹೋಗುವುದುಂಟು. ನವೆಂಬರ್‌ನಲ್ಲಿ ಬೆಟ್ಟ ಇಳಿಯುವಾಗ ಒಬ್ಬ ಹೆಣ್ಣುಮಗಳು ಒದ್ದೆ ಬಂಡೆಯ ಮೇಲೆ ಜಾರಿ ಬಿದ್ದರು. ಬಲಗಾಲಿನ ಹರಡು ನೋಡುನೋಡುತ್ತಲೇ ಊದಿಕೊಂಡಿತು, ಕಾಲೂರಲು ಆಗಲಿಲ್ಲ. ಊರುಗೋಲು ಇಟ್ಟು, ವೇಲ್ ಹರಿದು, ಪಾದದಿಂದ ಮಂಡಿಯವರೆಗೆ ಅಲುಗಾಡದಂತೆ ಬಿಗಿಯಾಗಿ ಕಟ್ಟಿದೆವು. ಎಳೆದು ನೇರ ಮಾಡೋಣ ಎಂದು ಜೊತೆಗಿದ್ದವರೊಬ್ಬರು ಹೇಳಿದರು, ನನಗೆ ಧೈರ್ಯ ಬರಲಿಲ್ಲ. ಹೊತ್ತು ಕೆಳಗಿಳಿಸಿ, ಜೀಪಿನಲ್ಲಿ ಆಸ್ಪತ್ರೆ ಸೇರುವಾಗ ನಾಲ್ಕು ಗಂಟೆ ಕಳೆದಿತ್ತು. ಹೊರಗಡೆಯ ಹರಡಿನ ಮೂಳೆ ಬಿರುಕು ಬಿಟ್ಟಿತ್ತು. ಆದರೆ ಕಟ್ಟು ಬಿಚ್ಚಿದಾಗ ಪಾದ ತಣ್ಣಗಿತ್ತು, ಬೆರಳುಗಳು ಮರಗಟ್ಟಿದ್ದವು. ಈಗ ಆರು ವಾರವಾಗಿದೆ. ಪಾದದ ಮೇಲ್ಭಾಗ ಇನ್ನೂ ಜುಮ್ಮೆನ್ನುತ್ತದೆ, ಹೆಬ್ಬೆರಳು ಮೇಲೆತ್ತಲು ಕಷ್ಟ ಎನ್ನುತ್ತಾರೆ. ನಮ್ಮಿಂದ ತಪ್ಪಾಯಿತೇ? ಏನೂ ಸಿಗದ ಜಾಗದಲ್ಲಿ ಯಾವುದರಿಂದ, ಹೇಗೆ ಕಟ್ಟಬೇಕು?

ಉತ್ತರ: ಕಟ್ಟಿದ್ದು ತಪ್ಪಲ್ಲ. ಎಳೆಯದೆ ಬಿಟ್ಟದ್ದಂತೂ ತುಂಬ ಒಳ್ಳೆಯ ಕೆಲಸ. ತಪ್ಪಿದ್ದು ಎರಡು ಕಡೆ: ಬಿಗಿದದ್ದು ಮತ್ತು ಬಿಗಿದ ಮೇಲೆ ನಾಲ್ಕು ಗಂಟೆ ಹೊತ್ತು ಒಮ್ಮೆಯೂ ಬೆರಳು ಮುಟ್ಟಿ ನೋಡದೇ ಇದ್ದದ್ದು. ನಿಮ್ಮ ಮನಸ್ಸು ನೋಯಿಸಲು ಇದನ್ನು ಹೇಳುತ್ತಿಲ್ಲ. ಬಹಳ ವರ್ಷಗಳಿಂದ ಈ ಜಿಲ್ಲೆಯಲ್ಲಿ ಮೂಳೆ ವೈದ್ಯನಾಗಿದ್ದೇನೆ. ತೋಟದಿಂದ, ಬೆಟ್ಟದಿಂದ ನನ್ನ ಮುಂದೆ ಬಂದ ಕಟ್ಟುಗಳಲ್ಲಿ ಸಡಿಲವಾಗಿ ಕೆಟ್ಟವು ಕಡಿಮೆ, ಬಿಗಿಯಾಗಿ ಕೆಟ್ಟವೇ ಹೆಚ್ಚು.

ನಮ್ಮಲ್ಲಿ ದಬ್ಬೆ ಕಟ್ಟುವುದು ಎಂದರೆ ಮೂಳೆ ಕೂಡಿಸುವುದು ಎಂಬ ಭಾವನೆ ಇದೆ. ನಾಟಿ ವೈದ್ಯರು ವಾರಗಟ್ಟಲೆ ಇಡುವ ಕಟ್ಟಿನಿಂದ ಬಂದ ಭಾವನೆ ಅದು. ಬೆಟ್ಟದಲ್ಲಿ ನೀವು ಕಟ್ಟುವುದಕ್ಕೆ ಆ ಉದ್ದೇಶವೇ ಇಲ್ಲ. ಆಸ್ಪತ್ರೆ ತಲುಪುವವರೆಗೆ ಮುರಿದ ತುದಿಗಳು ಒಂದಕ್ಕೊಂದು ತಿಕ್ಕದಂತೆ, ಒಳಗಿನ ಮಾಂಸವನ್ನು, ರಕ್ತನಾಳವನ್ನು, ನರವನ್ನು ಕುಯ್ಯದಂತೆ, ಒಳಗಿನಿಂದ ಚರ್ಮ ಹರಿದು ಹೊರಬರದಂತೆ ಹಿಡಿದಿಟ್ಟರೆ ಸಾಕು. ಹಾಗೆ ಹಿಡಿದಿಟ್ಟರೆ ನೋವು ಅರ್ಧ ಇಳಿಯುತ್ತದೆ. ಅಲುಗಾಟವನ್ನು ತಡೆಯುವುದು ಬಿಗಿಯಲ್ಲ. ದಬ್ಬೆಯ ಉದ್ದ ಮತ್ತು ಅದರ ಒಳಗೆ ತುಂಬಿದ ಮೆತ್ತೆ ತಡೆಯುತ್ತವೆ. ಮೊಳಕಾಲಿನ, ಅಂದರೆ ಮಂಡಿಗೂ ಹರಡಿಗೂ ನಡುವಿನ, ಮೂಳೆ ಮುರಿದಿದ್ದರೆ ದಬ್ಬೆ ಮೇಲೆ ಮಂಡಿಯನ್ನೂ ಕೆಳಗೆ ಹರಡನ್ನೂ ದಾಟಿರಬೇಕು. ಕೀಲಿಗೇ ಏಟು ಬಿದ್ದಿದ್ದರೆ ಅದರ ಮೇಲಿನ ಮೂಳೆ, ಕೆಳಗಿನ ಮೂಳೆ ಎರಡನ್ನೂ ಹಿಡಿಯಬೇಕು. ಬರಿಯ ಕೋಲಿಟ್ಟು ಬಿಗಿದರೆ ಕೋಲು ಎಲುಬಿನ ಉಬ್ಬಿದ ಜಾಗಗಳನ್ನು ಮಾತ್ರ ಮುಟ್ಟುತ್ತದೆ, ತಗ್ಗುಗಳು ಹಾಗೇ ಖಾಲಿ ಉಳಿಯುತ್ತವೆ. ಆ ಖಾಲಿಯಲ್ಲಿ ಕಾಲು ಅಲುಗುತ್ತದೆ. ಅಲುಗಿದ್ದಕ್ಕೆ ನಾವು ಇನ್ನಷ್ಟು ಬಿಗಿಯುತ್ತೇವೆ. ತಗ್ಗಿನಲ್ಲಿ ಕಾಲುಚೀಲ, ಸ್ವೆಟರ್, ಟವಲು, ಏನಾದರೂ ತುರುಕಿದ್ದರೆ ಆ ಬಿಗಿಯೇ ಬೇಕಾಗುತ್ತಿರಲಿಲ್ಲ.

ಬಿಗಿ ಏಕೆ ಅಪಾಯ? ಬಿದ್ದ ಮೊದಲ ಗಳಿಗೆಯಲ್ಲಿ ಕಾಲು ಊದಿದ್ದು ಸ್ವಲ್ಪ ಮಾತ್ರ. ಊತ ಗಂಟೆಗಟ್ಟಲೆ ಏರುತ್ತಲೇ ಇರುತ್ತದೆ. ಹತ್ತು ಗಂಟೆಗೆ ಸರಿಯಾಗಿದ್ದ ಕಟ್ಟು ಒಂದು ಗಂಟೆಗೆ ಉರುಳಾಗಿರುತ್ತದೆ. ಒಳಗೆ ಒತ್ತಡ ಏರಿದಂತೆ ರಕ್ತ ಹರಿಯುವುದು ಕುಗ್ಗುತ್ತದೆ. ಸುಮಾರು 6 ಗಂಟೆ ರಕ್ತವಿಲ್ಲದೆ ಉಳಿದ ಮಾಂಸಖಂಡ ಮತ್ತೆ ಮೊದಲಿನಂತಾಗುವುದಿಲ್ಲ. ನೀವು ನಾಲ್ಕು ಗಂಟೆಯಲ್ಲಿ ತಲುಪಿದಿರಿ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದ ಒಂದು ಕೈ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಮೆಣಸು ಕೊಯ್ಯುವ ಕಾಲ. ಒಂಟಿ ಬಿದಿರಿನ ಏಣಿಯಿಂದ ಬಿದ್ದ ಹದಿನೆಂಟರ ಹುಡುಗ, ಮುಂಗೈಯ ಎರಡೂ ಮೂಳೆ ಮುರಿದಿತ್ತು. ತೋಟದಲ್ಲೇ ಬಿದಿರು ಸೀಳಿ ನಾಲ್ಕು ದಬ್ಬೆ ಇಟ್ಟು, ತೆಂಗಿನ ಹುರಿಯಿಂದ ಸುತ್ತಿ ಸುತ್ತಿ ಕಟ್ಟಿದ್ದರು. ರಾತ್ರಿಯಿಡೀ ಹುಡುಗ ನೋವು ನೋವು ಎಂದು ಅತ್ತನಂತೆ. ಮೂಳೆ ಮುರಿದ ಮೇಲೆ ನೋವಿರದೇ ಇರುತ್ತದೆಯೇ ಎಂದು ಎಲ್ಲರೂ ಸಮಾಧಾನ ಹೇಳಿದರು. ಬೆಳಗಿನ ಜಾವ ನೋವು ನಿಂತಿತು, ವಾಸಿಯಾಯಿತು ಎಂದುಕೊಂಡರು. ನನ್ನ ಮುಂದೆ ಹುರಿ ಕತ್ತರಿಸಿದಾಗ ಚರ್ಮದ ಮೇಲೆ ಹುರಿಯ ಹೆಣಿಗೆಯ ಗುರುತು ಒಂದೊಂದು ಎಳೆಯೂ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿತ್ತು. ಬೆರಳುಗಳು ಸೀಸದ ಬಣ್ಣಕ್ಕೆ ತಿರುಗಿದ್ದವು. ಅದೇ ಹೊತ್ತಿನಲ್ಲಿ ಮುಂಗೈ ಉದ್ದಕ್ಕೂ ಕುಯ್ದು ಒತ್ತಡ ಬಿಡಿಸಿದೆವು. ಕೈ ಉಳಿಯಿತು. ಆದರೆ ಬೆರಳುಗಳು ಹಕ್ಕಿಯ ಪಂಜದ ಹಾಗೆ ಮಡಚಿಕೊಂಡೇ ಉಳಿದವು. ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ 1881ರಲ್ಲೇ ಇದನ್ನು ವಿವರಿಸಿದ್ದಾರೆ, ಬಿಗಿ ಕಟ್ಟನ್ನೇ ಕಾರಣವಾಗಿ ಹೆಸರಿಸಿದ್ದಾರೆ. ಮುರಿದ ಮೂಳೆ ಆರು ವಾರದಲ್ಲಿ ಕೂಡಿತು, ಸತ್ತ ಮಾಂಸಖಂಡ ಮರಳಲಿಲ್ಲ.

ಅದಕ್ಕೇ ಹೇಳುತ್ತೇನೆ, ಕಟ್ಟುವ ಮುನ್ನ ಬೆರಳು ನೋಡಿ, ಕಟ್ಟಿದ ಕೂಡಲೇ ನೋಡಿ, ಆಮೇಲೆ ಕಾಲು ಗಂಟೆಗೊಮ್ಮೆ ನೋಡಿ, ಜೀಪ್ ಹತ್ತಿದ ಮೇಲೂ ನೋಡಿ. ಗುಂಪಿನಲ್ಲಿ ಒಬ್ಬರಿಗೆ ಇದೊಂದೇ ಕೆಲಸ ವಹಿಸಿ. ಪೆಟ್ಟಾದ ಕಾಲಿನ ಬೆರಳ ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ್ದು ಎರಡು ಸೆಕೆಂಡಿನೊಳಗೆ ಕೆಂಪಾಗಬೇಕು. ತಡಿಯಂಡಮೋಳಿನ ಗಾಳಿಗೆ ಗಟ್ಟಿಮುಟ್ಟಾದವರ ಪಾದವೂ ತಣ್ಣಗಾಗಿ ಉಗುರು ನಿಧಾನವಾಗಿ ಕೆಂಪಾಗುತ್ತದೆ. ಆದ್ದರಿಂದ ಎರಡು ಪಾದವನ್ನೂ ಒಟ್ಟಿಗೆ ಮುಟ್ಟಿ ನೋಡಿ. ಎರಡೂ ತಣ್ಣಗಿದ್ದರೆ ಗಾಳಿ ಕಾರಣ, ಒಂದೇ ತಣ್ಣಗಿದ್ದರೆ ಕಟ್ಟು ಕಾರಣ. ಕಣ್ಣು ಮುಚ್ಚಿಸಿ ಯಾವ ಬೆರಳು ಮುಟ್ಟಿದೆ ಎಂದು ಕೇಳಿ. ಬೆರಳನ್ನು ಮೇಲೆ ಕೆಳಗೆ ಆಡಿಸಲು ಹೇಳಿ. ಒಳಗಡೆಯ ಹರಡಿನ ಗಂಟಿನ ಹಿಂದೆ ನಾಡಿ ಸಿಗುತ್ತದೆ, ಮನೆಯಲ್ಲಿ ನಿಮ್ಮ ಕಾಲಿನಲ್ಲೇ ಹುಡುಕಿ ಅಭ್ಯಾಸ ಮಾಡಿಕೊಳ್ಳಿ. ಏನಾದರೂ ವ್ಯತ್ಯಾಸ ಕಂಡರೆ ಕಟ್ಟು ಸಡಿಲಿಸಿ. ಕಟ್ಟಿದ ಮೇಲೆ ನೋವು ಇಳಿಯಬೇಕು. ಇಳಿಯದೆ ಏರುತ್ತಿದ್ದರೆ, ಅಥವಾ ನೀವು ಮೆಲ್ಲಗೆ ಬೆರಳು ಚಾಚಿದಾಗ ಕಿರುಚುವಷ್ಟು ನೋವಾದರೆ, ಅದನ್ನು ಮೂಳೆಯ ನೋವೆಂದು ಬಿಡಬೇಡಿ. ಕಾಲುಂಗುರ, ಬಳೆ, ಉಂಗುರ, ಕಡಗಗಳನ್ನು ಊತ ಏರುವ ಮೊದಲೇ ತೆಗೆದು ಅವರ ಜೇಬಿಗೆ ಹಾಕಿ. ಕಾಲುಂಗುರ ತೆಗೆಯಲು ಹೆಂಗಸರು ಹಿಂಜರಿದರೆ ಬೆರಳಿನ ಸಲುವಾಗಿ ಎಂದು ವಿವರಿಸಿ ಹೇಳಿ, ಒಪ್ಪುತ್ತಾರೆ.

ಈಗ ನಿಮ್ಮ ಅತಿಥಿಯ ಹರಡಿಗೆ ಬರೋಣ. ಅಲ್ಲಿ ನಾನಿದ್ದಿದ್ದರೆ ಕೋಲನ್ನು ಮುಟ್ಟುತ್ತಲೇ ಇರಲಿಲ್ಲ. ಹರಡಿಗೆ ಎಲ್ಲಕ್ಕಿಂತ ಒಳ್ಳೆಯದು ಮೆತ್ತನೆಯ ದಪ್ಪ ಕಟ್ಟು. ಜಾಕೆಟ್ ಅಥವಾ ಕಂಬಳಿಯನ್ನು ಉದ್ದಕ್ಕೆ ಮಡಿಸಿ ಅಂಗಾಲಿನ ಕೆಳಗಿನಿಂದ ಹಾಯಿಸಿ, ಎರಡೂ ಬದಿಯಿಂದ ಮೀನಖಂಡದವರೆಗೆ ಮೇಲೆ ತನ್ನಿ. ಕುದುರೆಯ ರಿಕಾಪಿನಲ್ಲಿ ಪಾದ ಇಟ್ಟಂತೆ ಕಾಣುತ್ತದೆ. ಇನ್ನೊಂದು ಬಟ್ಟೆಯನ್ನು ಹಿಮ್ಮಡಿಯ ಹಿಂದಿನಿಂದ ಮೇಲಕ್ಕೆ ಇಡಿ. ಚಾರಣಿಗರ ಬೆನ್ನಚೀಲದೊಳಗೆ ಬೆನ್ನಿಗೊತ್ತುವ ಫೋಮ್ ಹಾಳೆ ಇರುತ್ತದೆ, ಎಳೆದರೆ ಬರುತ್ತದೆ. ಅದು ಸಿಕ್ಕರೆ ಬಟ್ಟೆಯ ಹೊರಗೆ ಅದನ್ನೇ ಸುತ್ತಿ. ಪಾದ ಮೊಳಕಾಲಿಗೆ ಸುಮಾರು ಲಂಬ ಕೋನದಲ್ಲಿರಲಿ, ನೋವಾದರೆ ಅದು ಇರುವ ಹಾಗೆಯೇ ಬಿಡಿ. ನಾಲ್ಕು ಬೆರಳಗಲದ ಪಟ್ಟಿಗಳಿಂದ ಮೂರು ಕಡೆ ಕಟ್ಟಿ, ಮುರಿದ ಜಾಗದ ಮೇಲೆ ಮಾತ್ರ ಪಟ್ಟಿ ಬರಬಾರದು. ಪಟ್ಟಿಯ ಕೆಳಗೆ ನಿಮ್ಮ ಒಂದು ಬೆರಳು ನುಸುಳಬೇಕು. ಬೆರಳ ತುದಿಗಳು ಹೊರಗೆ ಕಾಣಬೇಕು. ಕಟ್ಟು ಹೇಗೆ ಬರಬೇಕೆಂದು ಮೊದಲು ಚೆನ್ನಾಗಿರುವ ಕಾಲಿನ ಮೇಲೆ ಮಡಚಿ ಅಳತೆ ನೋಡಿಕೊಳ್ಳಿ, ಆಮೇಲೆ ಪೆಟ್ಟಾದ ಕಾಲಿಗೆ ತನ್ನಿ.

ಶೂ ಬಿಚ್ಚಬೇಕೋ ಬೇಡವೋ ಎಂಬುದು ಎಲ್ಲರ ಪ್ರಶ್ನೆ. ದಾರಿ ಒಂದು ಗಂಟೆಯೊಳಗಿನದಾಗಿದ್ದು ಬೆರಳುಗಳಲ್ಲಿ ಸ್ಪರ್ಶ ಚೆನ್ನಾಗಿದ್ದರೆ ಲೇಸ್ ಪೂರ್ತಿ ಸಡಿಲಿಸಿ ಹಾಗೇ ಬಿಡಬಹುದು. ದೂರವಿದ್ದರೆ ಬಿಚ್ಚಲೇಬೇಕು, ಇಲ್ಲವಾದರೆ ಬೆರಳು ನೋಡುವುದು ಹೇಗೆ? ತೋಟದ ಗಂಬೂಟಾದರೆ ಎಳೆಯಲೇಬೇಡಿ. ಒಬ್ಬರು ಮೊಳಕಾಲು ಹಿಡಿದು ಇನ್ನೊಬ್ಬರು ಗಂಬೂಟು ಎಳೆಯುವಾಗ ಮುರಿದ ಹರಡು ತಿರುಚಿಕೊಂಡದ್ದನ್ನು ನೋಡಿದ್ದೇನೆ. ಕತ್ತಿಯ ಬೆನ್ನು ಕಾಲಿನ ಕಡೆಗಿರುವಂತೆ ಹಿಡಿದು ಗಂಬೂಟನ್ನು ಮೇಲಿನಿಂದ ಕೆಳಗೆ ಸೀಳಿ.

ಉಳುಕೋ ಮುರಿತವೋ ಎಂದು ಬೆಟ್ಟದ ಮೇಲೆ ತೀರ್ಮಾನಿಸುವುದು ಕಷ್ಟ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಒಂದು ಸರಳ ಪರೀಕ್ಷೆ ಕೊಟ್ಟರು, ನಾವೂ ದಿನಾ ಬಳಸುತ್ತೇವೆ. ಹರಡಿನ ಎರಡೂ ಗಂಟುಗಳ ಹಿಂಬದಿಯ ಅಂಚನ್ನು, ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ, ಬೆರಳಿನಿಂದ ಒತ್ತುತ್ತ ಹೋಗಿ. ಮೂಳೆಯ ಮೇಲೆಯೇ ನೋವಿದ್ದರೆ, ಅಥವಾ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಬೇಕು. ನಿಮ್ಮ ಅತಿಥಿ ಕಾಲೂರಲೇ ಇಲ್ಲ. ಹೊತ್ತು ತಂದದ್ದು ಸರಿಯಾಯಿತು.

ಯಾವುದರಿಂದ ಕಟ್ಟುವುದು ಎಂದು ಕೇಳಿದ್ದೀರಿ. ಕೊಡಗಿನ ತೋಟದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಡಿಕೆ ಹಾಳೆ. ಅಮೆರಿಕದ ಸ್ಯಾಮ್ ಶೈನ್‌ಬರ್ಗ್ ಎಂಬ ಶಸ್ತ್ರವೈದ್ಯರು ಚೂಯಿಂಗ್ ಗಮ್ ಸುತ್ತಿದ ತವರದಂಥ ಹಾಳೆಯನ್ನು ಬೆರಳಿಗೆ ಸುತ್ತುತ್ತಿದ್ದಾಗ ಹೊಳೆದ ಉಪಾಯದಿಂದ ಸ್ಯಾಮ್ ಸ್ಪ್ಲಿಂಟ್ ಎಂಬ ದಬ್ಬೆ ಮಾಡಿದರು. ತೆಳು ಅಲ್ಯೂಮಿನಿಯಂ ಪಟ್ಟಿ, ಎರಡೂ ಕಡೆ ಫೋಮ್. ಚಪ್ಪಟೆಯಾಗಿದ್ದಾಗ ಬಳುಕುತ್ತದೆ, ಉದ್ದಕ್ಕೆ ದೋಣಿಯಂತೆ ಬಾಗಿಸಿದರೆ ಗಟ್ಟಿಯಾಗುತ್ತದೆ. ಅಡಿಕೆ ಹಾಳೆಗೆ ಈ ಗುಣ ಹುಟ್ಟಿನಿಂದಲೇ ಇದೆ. ಆಗ ತಾನೆ ಉದುರಿದ ಹಾಳೆಯಾದರೆ ಹಾಗೇ ಬಾಗುತ್ತದೆ. ಒಣಗಿದ್ದನ್ನು ಹತ್ತು ಹದಿನೈದು ನಿಮಿಷ ತೋಡಿನ ನೀರಿನಲ್ಲಿ ಅದ್ದಿಟ್ಟರೆ ಮೆದುವಾಗುತ್ತದೆ. ಎರಡೂ ಅಂಚನ್ನು ಮೇಲಕ್ಕೆ ಬಾಗಿಸಿದರೆ ನೀರು ಹರಿಯುವ ದೋಣಿಯ ಆಕಾರ ಬರುತ್ತದೆ, ಮುಂಗೈ ಅದರೊಳಗೆ ಒರಗಿಕೊಳ್ಳುತ್ತದೆ. ಒಳಗೆ ಟವಲು ಹಾಸಿ, ಅಂಚು ಚರ್ಮಕ್ಕೆ ತಾಗದಂತೆ ಮಡಚಿ. ಎಕ್ಸ್‌ರೇ ತೆಗೆಯಲೂ ಅದು ಅಡ್ಡ ಬರುವುದಿಲ್ಲ. ಸಂಪಾಜೆ, ಭಾಗಮಂಡಲ, ಕರಿಕೆ ಕಡೆಯವರಿಗೆ ಇದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಕಾಲಿಗೆ ತೊಡರುವಷ್ಟು ಬಿದ್ದಿರುತ್ತದೆ.

ತಡಿಯಂಡಮೋಳಿನ ಹುಲ್ಲುಗಾವಲಿನಲ್ಲಿ ಹಾಳೆ ಸಿಗುವುದಿಲ್ಲ, ನಿಜ. ಅಲ್ಲಿ ಕೊಡೆ ಇರುತ್ತದೆ, ಊರುಗೋಲು ಇರುತ್ತದೆ, ಸುತ್ತಿದ ದಿನಪತ್ರಿಕೆ ಇರುತ್ತದೆ. ಹತ್ತು ಪುಟದ ಪತ್ರಿಕೆಯನ್ನು ಬಾಗಿಸಿ ಸುತ್ತಿದರೆ ಮಣಿಕಟ್ಟಿಗೆ ಸಾಕಷ್ಟು ಗಟ್ಟಿ ಆಸರೆ. ಎರಡು ಕಾಲು ಇದ್ದೇ ಇರುತ್ತವಲ್ಲ, ಬೇರೇನೂ ಇಲ್ಲದಿದ್ದರೆ ನಡುವೆ ಬಟ್ಟೆ ತುಂಬಿ ಮುರಿದ ಕಾಲನ್ನು ಚೆನ್ನಾಗಿರುವ ಕಾಲಿಗೇ ಕಟ್ಟಬಹುದು. ಕಟ್ಟಲು ಸೀರೆಯ ಸೆರಗು, ಪಂಚೆ, ವೇಲ್, ಟವಲು, ಹಸಿ ಬಾಳೆಪಟ್ಟೆ ಯಾವುದಾದರೂ ಸರಿ. ಹಗ್ಗ, ಹುರಿ, ಶೂ ಲೇಸ್, ವೈರು ಮಾತ್ರ ನೇರವಾಗಿ ಮೈಗೆ ತಾಗಬಾರದು.

ಮರದಿಂದ ಕೊಂಬೆ ಕಡಿಯುವ ಮುಂಚೆ ಮರ ಯಾವುದೆಂದು ನೋಡಿ. ಹೊಲಿಗೇರಿನ ಜಾತಿಯ ಮರಗಳ ಸೊನೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ, ಕೆಲವರಿಗೆ ಮೈಯೆಲ್ಲ ಊದುತ್ತದೆ. ಕಡಿದ ಜಾಗದಲ್ಲಿ ಕಪ್ಪಾಗುವ ಸೊನೆ ಕಂಡರೆ ಅದನ್ನು ಬಿಡಿ. ಎಳೆ ಬಿದಿರಿನ ಮೇಲಿನ ಹೊದಿಕೆಯಲ್ಲಿ ಸೂಜಿಯಂಥ ಸುಂಕು ಇರುತ್ತದೆ, ಬಲಿತ ಬಿದಿರನ್ನೇ ಸೀಳಿ, ಸೀಳಿದ ಅಂಚನ್ನು ಕತ್ತಿಯಿಂದ ಹೆರೆದು ಬಟ್ಟೆ ಸುತ್ತಿ. ಹಸಿ ಬಿದಿರಿನ ಸೀಳು ಬ್ಲೇಡಿನಷ್ಟು ಹರಿತ.

ಕೈ ಮುರಿತಗಳು ಬೆಟ್ಟಕ್ಕಿಂತ ತೋಟದಲ್ಲೇ ಹೆಚ್ಚು. ಬಿದ್ದಾಗ ಕೈ ಊರುವುದು ಸಹಜ, ಮಣಿಕಟ್ಟು ಮುರಿಯುತ್ತದೆ. ಅಂಗೈಯೊಳಗೆ ಸುತ್ತಿದ ಕಾಲುಚೀಲ ಹಿಡಿಸಿ. ಲೋಟ ಹಿಡಿದಂತೆ ಬೆರಳುಗಳು ಬಾಗಿರಲಿ, ಅದು ಕೈಗೆ ಹಿತವಾದ ಭಂಗಿ. ಹಾಳೆ ಅಥವಾ ಪತ್ರಿಕೆ ಬೆರಳ ಬುಡದಿಂದ ಮೊಣಕೈವರೆಗೆ ಬರಲಿ, ಆಮೇಲೆ ಟವಲಿನಲ್ಲಿ ಜೋಲಿ ಕಟ್ಟಿ ಕೊರಳಿಗೆ ತೂಗುಹಾಕಿ. ಅಂಗೈ ಮೊಣಕೈಗಿಂತ ತುಸು ಮೇಲಿರಲಿ. ಜೋಲಿಗೆ ಬಟ್ಟೆ ಇಲ್ಲವೇ? ಹಾಕಿಕೊಂಡ ಅಂಗಿಯ ಕೆಳ ಅಂಚನ್ನೇ ಕೈಯ ಮೇಲೆ ಮಡಚಿ ಎದೆಯ ಬಳಿ ಪಿನ್ನು ಹಾಕಿದರೆ ಜೋಲಿ ಸಿದ್ಧ. ತೋಳು ಅಥವಾ ಕೊರಳ ಬುಡದ ಮೂಳೆಯಾದರೆ ದಬ್ಬೆಯೇ ಬೇಡ. ಜೋಲಿ ಹಾಕಿ, ಅದರ ಮೇಲೆ ಎದೆ ಸುತ್ತ ಒಂದು ಅಗಲದ ಪಟ್ಟಿ ಸುತ್ತಿ ಮೈಗೆ ಒತ್ತಿಸಿದರೆ ಸಾಕು. ಬೆರಳಾದರೆ ಪಕ್ಕದ ಬೆರಳಿಗೆ ಕಟ್ಟಿ, ನಡುವೆ ಹತ್ತಿ ಇಡಿ.

ತೊಡೆ ಮುರಿತ ಬೇರೆಯದೇ ವಿಷಯ. ಅಲ್ಲಿ ಕಾಲಿಗಿಂತ ಮೊದಲು ಜೀವದ ಯೋಚನೆ. ಹೊರಗೆ ಒಂದು ಹನಿ ಕಾಣದಿದ್ದರೂ ತೊಡೆಯೊಳಗೆ 1ರಿಂದ 1.5 ಲೀಟರ್ ರಕ್ತ ಸೋರಿ ನಿಲ್ಲಬಹುದು. ಮೈ ಬಿಳಿಚಿ, ತಣ್ಣನೆ ಬೆವರು, ನಾಡಿ ಓಟ, ಬಾಯಾರಿಕೆ, ಮಾತು ತೊದಲುವುದು ಇವು ಅದರ ಗುರುತು. ತೊಡೆಯನ್ನು ಎಳೆದು ಹಿಡಿಯುವ ಥಾಮಸ್ ಸ್ಪ್ಲಿಂಟ್ ಎಂಬ ಚೌಕಟ್ಟು ಮೊದಲನೆಯ ಮಹಾಯುದ್ಧದಲ್ಲಿ ರಣರಂಗದ ಹತ್ತಿರವೇ ಹಾಕಲು ಶುರುಮಾಡಿದ ಮೇಲೆ ತೊಡೆ ಮುರಿದ ಸೈನಿಕರ ಸಾವು ಬಹಳ ಇಳಿಯಿತು, ಅದು ನಿಜ. ಆದರೆ ಕಾಡಿನಲ್ಲಿ ಕೋಲು ಹಗ್ಗಗಳಿಂದ ಅದನ್ನು ನಕಲು ಮಾಡಲು ಹೋಗಬೇಡಿ. ಹರಡಿನ ಚರ್ಮ ಕಿತ್ತುಹೋಗುತ್ತದೆ, ಹೊತ್ತು ಹೋಗುತ್ತದೆ. ಕಂಕುಳಿಂದ ಪಾದದವರೆಗಿನ ಉದ್ದದ ಬಿದಿರನ್ನು ಹೊರಬದಿಗೆ ಇಟ್ಟು, ಎರಡೂ ಕಾಲನ್ನು ಮೆತ್ತೆಯೊಡನೆ ಕೂಡಿಸಿ ಕಟ್ಟಿ, ಬೆಚ್ಚಗೆ ಹೊದಿಸಿ, ಬೇಗ ಹೊರಡಿ. ಎತ್ತರದಿಂದ ಬಿದ್ದು ಸೊಂಟ ಹಿಡಿದುಕೊಂಡು ನರಳುತ್ತಿದ್ದರೆ ಸೊಂಟದ ಬಳೆಯಾಕಾರದ ಮೂಳೆ ಮುರಿದಿರಬಹುದು. ಅಗಲದ ಬಟ್ಟೆಯನ್ನು ತೊಡೆಯ ಬುಡದಲ್ಲಿ ಎರಡೂ ಬದಿಗೆ ಉಬ್ಬಿದ ಮೂಳೆಯ ಮಟ್ಟದಲ್ಲಿ ಸುತ್ತಿ ಬಿಗಿಯಬೇಕು. ಬಿಗಿ ಬೇಕಾದ ಕಟ್ಟು ಇದೊಂದೇ. ಬೆಲ್ಟು ಹಾಕುವ ಮಟ್ಟ ಅಲ್ಲ, ಅದಕ್ಕಿಂತ ಒಂದು ಗೇಣು ಕೆಳಗೆ. ಮದುವೆಯಲ್ಲಿ ಕೊಡವರ ಉಡುಪಾದ ಕುಪ್ಯಚೇಲೆ ಉಟ್ಟವರನ್ನು ನೋಡಿದಾಗಲೆಲ್ಲ ಸೊಂಟಕ್ಕೆ ಸುತ್ತಿದ ಆ ಚೇಲೆಯ ಅಗಲ, ಉದ್ದ ಇದಕ್ಕೆ ಹೇಳಿ ಮಾಡಿಸಿದಂತಿದೆ ಎಂದು ನನಗೆ ಅನ್ನಿಸುತ್ತದೆ.

ಎಳೆಯುವ ವಿಚಾರಕ್ಕೆ ಬರುತ್ತೇನೆ. ನೀವು ಎಳೆಯಲಿಲ್ಲ, ನೂರಕ್ಕೆ ತೊಂಬತ್ತು ಸಲ ಅದೇ ಸರಿ. ಮೊಳಕಾಲು ಅಡ್ಡಕ್ಕೆ ಡೊಂಕಾಗಿದೆ, ಪಾದ ಬಿಳಿಚಿ ತಣ್ಣಗಾಗಿದೆ, ನಾಡಿ ಇಲ್ಲ, ಆಸ್ಪತ್ರೆ ಗಂಟೆಗಟ್ಟಲೆ ದೂರ. ಇಷ್ಟೂ ಸೇರಿದಾಗ ಮಾತ್ರ ಒಬ್ಬರು ಮಂಡಿಯ ಬಳಿ ಹಿಡಿದು, ಇನ್ನೊಬ್ಬರು ಹಿಮ್ಮಡಿ ಮತ್ತು ಪಾದದ ಮೇಲ್ಭಾಗ ಹಿಡಿದು ಕಾಲಿನ ಉದ್ದಕ್ಕೇ ನಿಧಾನವಾಗಿ ಎಳೆಯುತ್ತ ನೇರಕ್ಕೆ ತರಬಹುದು. ತಡೆ ಬಂದರೆ, ನೋವು ತಾಳಲಾರದಂತಾದರೆ ಅಲ್ಲಿಗೇ ನಿಲ್ಲಿಸಿ ಆ ಭಂಗಿಯಲ್ಲೇ ಕಟ್ಟಿ. ಎರಡನೇ ಪ್ರಯತ್ನ ಬೇಡ. ಭುಜ, ಮೊಣಕೈ ತಪ್ಪಿದ್ದರೆ ಎಳೆಯುವ ಮಾತೇ ಇಲ್ಲ, ಹೇಗಿದೆಯೋ ಹಾಗೆ ದಿಂಬಿನಂತೆ ಬಟ್ಟೆ ತುಂಬಿ ಹಿಡಿದಿಡಿ.

ಮಳೆಗಾಲದಲ್ಲಿ ಕಾಲುಚೀಲದಲ್ಲಿ ರಕ್ತ ಕಂಡರೆ ನಮ್ಮವರು ಜಿಗಣೆ ಎಂದುಕೊಂಡು ಬಿಡುತ್ತಾರೆ. ಜಿಗಣೆಯ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಕಚ್ಚಿದ ಜಾಗ ಬಹಳ ಹೊತ್ತು ಸೋರುತ್ತದೆ, ನಿಜ. ಆದರೆ ಮುರಿದ ಮೂಳೆ ಒಳಗಿನಿಂದ ಚುಚ್ಚಿ ಮತ್ತೆ ಒಳಸರಿದ ತೂತೂ ಅಷ್ಟೇ ಚಿಕ್ಕದಾಗಿರುತ್ತದೆ. ಕುಡಿಯುವ ನೀರಿನಿಂದ ತೊಳೆದು ನೋಡಿ. ಮುರಿದ ಜಾಗದ ಮೇಲೆ ಗಾಯವಿದ್ದರೆ, ಎಷ್ಟೇ ಸಣ್ಣದಿರಲಿ, ಮೂಳೆ ಹೊರಬಂದ ಮುರಿತ ಎಂದೇ ತಿಳಿಯಿರಿ. ಮೂಳೆ ಕಾಣುತ್ತಿದ್ದರೆ ಒಳಗೆ ತಳ್ಳಬೇಡಿ. ಒದ್ದೆ ಮಾಡಿದ ಶುಭ್ರ ಬಟ್ಟೆ ಹೊದಿಸಿ, ರಕ್ತ ಹರಿಯುತ್ತಿದ್ದರೆ ಅಂಗೈಯಿಂದ ಒತ್ತಿ ಹಿಡಿದು, ಆಮೇಲೆ ದಬ್ಬೆ ಕಟ್ಟಿ. ಕಾಫಿ ಪುಡಿ, ಅರಿಶಿನ, ಸುಣ್ಣ, ಹೊಗೆಸೊಪ್ಪು ಯಾವುದನ್ನೂ ಗಾಯಕ್ಕೆ ಹಾಕಬೇಡಿ. ಅದನ್ನೆಲ್ಲ ಆಪರೇಷನ್ ಥಿಯೇಟರಿನಲ್ಲಿ ಕಣ ಕಣ ತೊಳೆದು ತೆಗೆಯಬೇಕಾಗುತ್ತದೆ, ತೆಗೆದರೂ ಸೋಂಕು ಉಳಿಯಬಹುದು. ಇಂಥವರಿಗೆ ಆಂಟಿಬಯಾಟಿಕ್ ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು, ಟೆಟನಸ್ ಚುಚ್ಚುಮದ್ದೂ ಬೇಕು.

ನೋವಿಗೆಂದು ಬ್ರಾಂಡಿ ಕುಡಿಸುವುದು ನಮ್ಮ ಜಿಲ್ಲೆಯಲ್ಲಿ ಇನ್ನೂ ನಿಂತಿಲ್ಲ. ದಯವಿಟ್ಟು ಬೇಡ. ಚರ್ಮ ಬೆಚ್ಚಗಾದಂತೆ ಅನ್ನಿಸಿ ಮೈಯ ಕಾವು ಹೊರಗೆ ಹೋಗುತ್ತದೆ, ಬೆರಳಿನ ಸ್ಪರ್ಶ ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ, ಅರಿವಳಿಕೆ ಕೊಡುವವರಿಗೆ ತೊಂದರೆ. ಪ್ಯಾರಾಸಿಟಮಾಲ್ ಒಂದು ಗುಟುಕು ನೀರಿನಲ್ಲಿ ಕೊಡಬಹುದು, ಊಟ ಬೇಡ.

ಹೊತ್ತು ಇಳಿಸಲು ಎರಡು ಗೋಣಿಚೀಲ, ಎರಡು ಬಲಿತ ಬಿದಿರು ಸಾಕು. ಚೀಲದ ತಳದ ಎರಡು ಮೂಲೆ ಕತ್ತರಿಸಿ, ಬಾಯಿಯಿಂದ ಬಿದಿರು ತೂರಿಸಿ ಆ ಮೂಲೆಗಳಿಂದ ಹೊರತೆಗೆಯಿರಿ. ಎರಡು ಚೀಲ ಎದುರುಬದುರಾಗಿ ಹಾಕಿದರೆ ಆಳುದ್ದದ ಸ್ಟ್ರೆಚರ್. ಮಲಗಿಸುವ ಮುಂಚೆ ಗಟ್ಟಿಮುಟ್ಟಾದ ಒಬ್ಬರನ್ನು ಮಲಗಿಸಿ ಎತ್ತಿ ನೋಡಿ. 108ಕ್ಕೆ ಫೋನ್ ಹೋಗದಿದ್ದರೆ 112 ಪ್ರಯತ್ನಿಸಿ, ಬೇರೆ ಕಂಪನಿಯ ಟವರ್ ಹತ್ತಿರವಿದ್ದರೂ ಅದು ಹೋಗಬಹುದು. ಅದೂ ಆಗದಿದ್ದರೆ ಇಬ್ಬರನ್ನು ಚೀಟಿ ಕೊಟ್ಟು ಕೆಳಗೆ ಕಳಿಸಿ. ಏಟಾದ ಹೊತ್ತು, ಕಟ್ಟಿದ ಹೊತ್ತು, ಬೆರಳು ಹೇಗಿದೆ ಎಂಬುದು ಚೀಟಿಯಲ್ಲಿರಲಿ. ಆನೆ ಓಡಾಡುವ ತೋಟವಾದರೆ ಕಟ್ಟುತ್ತ ಕೂರುವುದಕ್ಕಿಂತ ಮೊದಲು ಜಾಗ ಬದಲಿಸಿ.

ಇದೇ ಕಟ್ಟು ಹಾವು ಕಚ್ಚಿದವರಿಗೂ ಬೇಕು. ಕಚ್ಚಿದ ಕಾಲನ್ನು ಮುರಿದ ಕಾಲಿನಂತೆಯೇ ಅಲುಗದಂತೆ ಸಡಿಲವಾಗಿ ಕಟ್ಟಿ, ನಡೆಸದೆ, ವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸೇರಿಸಿ. ಮೇಲ್ಗಡೆ ಹಗ್ಗ ಬಿಗಿಯುವುದು ಅಲ್ಲಿಯೂ ಬೇಡ.

ನಿಮ್ಮ ಚೀಲದಲ್ಲಿ ಇನ್ನು ಮುಂದೆ ಒಂದು ಸ್ಯಾಮ್ ಸ್ಪ್ಲಿಂಟ್, ಎರಡು ಅಗಲದ ಕ್ರೇಪ್ ಬ್ಯಾಂಡೇಜ್, ಎರಡು ತ್ರಿಕೋನ ಬಟ್ಟೆ, ಬಟ್ಟೆ ಕತ್ತರಿಸುವ ಮೊಂಡು ತುದಿಯ ಕತ್ತರಿ ಇಟ್ಟುಕೊಳ್ಳಿ. ಕ್ರೇಪ್ ಬ್ಯಾಂಡೇಜನ್ನು ಎಳೆದು ಸುತ್ತಬೇಡಿ, ಉರುಳಿಸುತ್ತ ಸುತ್ತಿ. ಅದು ರಬ್ಬರಿನಂತೆ ತಾನೇ ಬಿಗಿಯುತ್ತ ಹೋಗುತ್ತದೆ.

ಕೊನೆಗೆ ನಿಮ್ಮ ಅತಿಥಿಯ ಜುಮ್ಮೆನ್ನುವ ಪಾದ. ನೀವು ಬರೆದದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇದೇ. ಅಂಗಾಲಲ್ಲ, ಪಾದದ ಮೇಲ್ಭಾಗ ಎಂದಿರಿ. ಬೆರಳು ಮಡಚಲು ಅಲ್ಲ, ಹೆಬ್ಬೆರಳು ಎತ್ತಲು ಕಷ್ಟ ಎಂದಿರಿ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಗೋಲಿಯಷ್ಟು ದಪ್ಪದ ಮೂಳೆಯ ಗುಬ್ಬಿಯೊಂದು ಕೈಗೆ ಸಿಗುತ್ತದೆ. ಅದರ ಕೆಳಗೆ ಪಾದವನ್ನೂ ಬೆರಳನ್ನೂ ಮೇಲೆತ್ತುವ ನರ ಮೂಳೆಯನ್ನು ಬಳಸಿ ಹೋಗುತ್ತದೆ, ಮೇಲೆ ಚರ್ಮ ಬಿಟ್ಟರೆ ಹೆಚ್ಚೇನೂ ಇಲ್ಲ. ನೀವು ಮಂಡಿಯವರೆಗೆ ಕಟ್ಟಿದ್ದೀರಿ. ಕೋಲಿನ ತುದಿಯೋ ವೇಲಿನ ಕೊನೆಯ ಗಂಟೋ ಆ ಜಾಗದಲ್ಲೇ ಒತ್ತಿಕೊಂಡಿತ್ತು ಎಂದು ನನಗೆ ಬಲವಾದ ಅನುಮಾನ. ಆಮೇಲೆ ಹಾಕಿದ ಪ್ಲಾಸ್ಟರಿನ ಮೇಲಂಚೂ ಅಲ್ಲಿ ಒತ್ತಬಹುದು, ಅದನ್ನೂ ನೋಡಬೇಕು. ಒತ್ತಡದಿಂದ ಮಂಕಾದ ನರ ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ತಿಂಗಳುಗಳೊಳಗೆ ಚೇತರಿಸಿಕೊಳ್ಳುತ್ತದೆ. ಒಳಗಿನ ಎಳೆಗಳಿಗೇ ಪೆಟ್ಟಾಗಿದ್ದರೆ ಅವು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಮತ್ತೆ ಬೆಳೆಯಬೇಕು, ಕಾಲಿನ ಉದ್ದಕ್ಕೆ ಅದು ಹಲವು ತಿಂಗಳ ದಾರಿ. ಆರು ವಾರ ಕಳೆದಿದೆ, ಇನ್ನು ಕಾಯದೆ ನರದ ವಿದ್ಯುತ್ ಪರೀಕ್ಷೆ ಮಾಡಿಸಲು ಹೇಳಿ. ಪಾದ ಜೋತು ಬೀಳುತ್ತಿದ್ದರೆ ಹಿಮ್ಮಡಿಯ ಸ್ನಾಯುರಜ್ಜು ಕುಗ್ಗದಂತೆ ರಾತ್ರಿ ಪಾದವನ್ನು ಲಂಬ ಕೋನದಲ್ಲಿ ಹಿಡಿಯುವ ಆಸರೆ ಬೇಕು, ಫಿಸಿಯೋಥೆರಪಿ ಬೇಕು. ವೇಲ್ ಎಷ್ಟು ಸುತ್ತು ಸುತ್ತಿದಿರಿ, ಗಂಟು ಮಂಡಿಯ ಯಾವ ಬದಿಗಿತ್ತು, ಕಟ್ಟಿದ್ದು ಎಷ್ಟು ಹೊತ್ತಿಗೆ, ಬಿಚ್ಚಿದ್ದು ಎಷ್ಟು ಹೊತ್ತಿಗೆ ಎಂಬುದನ್ನು ನೆನಪಿದ್ದಷ್ಟು ಬರೆದು ಅವರಿಗೆ ಇಂದೇ ಕಳಿಸಿ. ಅವರನ್ನು ನೋಡುವ ವೈದ್ಯರಿಗೆ ಆ ಚೀಟಿ ಬೇಕಾಗುತ್ತದೆ.